ಟೆಕ್ಸಸ್‌ನಲ್ಲಿ ಯಾರ ಸರಕು?

“ಟೆಕ್ಸಸ್‌ನಲ್ಲಿ ನಮ್ಮ ಸರಕು ಇದೆಯಂತೆ! ಯಾರು ಇಟ್ಟಿದ್ದು?”

ಒಡೆಯ ಗೋಪೀನಾಥ ಲ್ಯಾಪ್‌ಟಾಪನ್ನು ಸೃಷ್ಟಿಯ ಕಡೆ ನೂಕಿದ. ಲಂಡನ್ನಿನ ಟೂಟಿಂಗ್‌ನ ದೋಸೆ ಹೋಟೆಲಿನ ಮೇಲಿನ ಆ ಎರಡು ಕೋಣೆಗಳೇ ಅವರ ಸೀರೆ ಕಂಪನಿ. ಇಳಕಲ್ ಸೀರೆಗಳು ಇಲ್ಲಿಗೆ ಬಂದು, ಆನ್‌ಲೈನಿನಲ್ಲಿ ಮಾರಾಟವಾಗಿ, ಅಮೆರಿಕದ ಮನೆಗಳಿಗೆ ಹೋಗುತ್ತಿದ್ದವು. ಈಗ ಟೆಕ್ಸಸ್ ರಾಜ್ಯದ ತೆರಿಗೆ ಇಲಾಖೆ ಕೇಳುತ್ತಿದೆ— ನಿಮ್ಮ ಸರಕು ನಮ್ಮ ರಾಜ್ಯದೊಳಗೇ ಇರುವಾಗ, ಗಿರಾಕಿಗಳಿಂದ ಮಾರಾಟ ತೆರಿಗೆಯನ್ನೇಕೆ ವಸೂಲಿ ಮಾಡಿಲ್ಲ?

“ನಿಮ್ಮಣ್ಣ ಸುಶಾಂತ ಇರೋದು ಹ್ಯೂಸ್ಟನ್‌ನಲ್ಲಿ ಅಲ್ವಾ? ಹ್ಯೂಸ್ಟನ್ ಯಾವ ಸ್ಟೇಟಮ್ಮಾ?”

“ಟೆಕ್ಸಸ್. ಅದಕ್ಕೇನೀಗ ಸರ್?”

“ಕದ್ದು ಅವನ ಮನೆಗೆ ಸೀರೆ ಕಳಿಸಿ ಮಾರಿದ್ದೀಯ. ಈ ವಾರದೊಳಗೆ ನೀನೇ ರಿಸೈನ್ ಮಾಡು. ಇಲ್ಲಾಂದ್ರೆ ನಾನೇ ತೆಗೀತೀನಿ. ಆಮೇಲೆ ನಿನ್ನ ವೀಸಾ ಏನಾಗುತ್ತೆ ಗೊತ್ತಲ್ಲ?”

ಗೊತ್ತಿತ್ತು. ಕಲಬುರಗಿಯಿಂದ ಬಂದು, ಅಕ್ಸ್‌ಬ್ರಿಡ್ಜ್‌ನಲ್ಲಿ ಓದಿ, ಈ ಕಂಪನಿಯ ಲೆಕ್ಕ ನೋಡುತ್ತಿದ್ದ ಸೃಷ್ಟಿಯ ವೀಸಾ ಈ ನೌಕರಿಗೇ ಜೋತುಬಿದ್ದಿತ್ತು. ಮೇಲೆ ಕೂತವನ ಕೈಯಿಂದ ಜಾರಿದ ಕಲ್ಲು ಕೆಳಗೆ ನಿಂತವರ ತಲೆಯ ಮೇಲೆಯೇ ಬೀಳಬೇಕು— ಕಂಪನಿಗಳ ಲೋಕದ ಈ ಏರ್ಪಾಡೂ ಅವಳಿಗೆ ಗೊತ್ತಿತ್ತು. ಆದರೆ ತಲೆ ಒಡ್ಡಿ ನಿಲ್ಲುವ ಹುಡುಗಿ ಅವಳಲ್ಲ. ಸ್ಟ್ರಾಟ್‌ಫರ್ಡ್‌ನ ವಿಶಾಲಾಕ್ಷಿಗೆ ಫೋನ್ ಮಾಡಿದಳು.

ಧಾರವಾಡದ ಈ ವಿಶಾಲಾಕ್ಷಿ ಲಂಡನ್ನಿನ ತೆರಿಗೆ ತಪಾಸಣೆಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವಳು. ನಿವೃತ್ತಿಯ ಮೇಲೆ ಇಂಥ ಗಂಟುಗಳನ್ನು ಬಿಚ್ಚುವುದೇ ಅವಳ ಕೆಲಸ. ಮರುದಿನ ಮಧ್ಯಾಹ್ನ ಬಂದವಳೇ ಕೋಟು ಬಿಚ್ಚುವ ಮುಂಚೆ ಪ್ರಶ್ನೆ ಎಸೆದಳು.

“ಸೃಷ್ಟಿ, ಗಿರಾಕಿ ಕಡಿಂದ ಟೆಕ್ಸಸ್ ತೆರಿಗಿ ಯಾಕ ಹಿಡೀಲಿಲ್ಲ?”

“ರಾಜ್ಯದ ಹೊರಗಿಂದ ಕಳಸೋರಿಗಿ ಅಲ್ಲಿ ಒಂದು ಮಿತಿ ಅದ ಅಕ್ಕಾ. ವರ್ಷಕ್ಕ ಐದು ಲಕ್ಷ ಡಾಲರ್ ವ್ಯಾಪಾರ ಆದ್ರ ಮಾತ್ರ ಹಿಡೀಬೇಕು. ನಮ್ದು ಅದರ ಹತ್ರನೂ ಇಲ್ಲ.”

“ಸರಕು ಅಲ್ಲೇ ಇಟ್ಟಿದ್ರ?”

“ಮಿತಿ-ಗಿತಿ ನಡೆಯಲ್ಲ. ಮೊದಲನೇ ಸೀರಿಗೇ ಹಿಡೀಬೇಕು.”

“ನೋಡಿದ್ರಾ ಮೇಡಂ?” ಗೋಪೀನಾಥ ನಕ್ಕ. “ರೂಲ್ಸ್ ಎಲ್ಲಾ ಬಾಯಿಪಾಠ. ಗೊತ್ತಿದ್ದೇ ಮಾಡಿದ್ದಾಳೆ.”

“ಗೊತ್ತಿದ್ದಾಕಿ ತನ್ನ ಕುತ್ತಿಗಿಗೆ ತಾನ ಹಗ್ಗ ಹಾಕ್ಕೋತಾಳೇನ್ರಿ? ಇರ್ಲಿ. ಆರ್ಡರ್ ಮೊದಲ ಯಾರ ಕೈಗೆ ಬರ್ತಾವ?”

“ನನಗೇ. ಅಡ್ರೆಸ್ ಅಂಟಿಸಿ ರತ್ನಾಬಾಯಿಗೆ ಕೊಡ್ತೀನಿ. ನಮ್ಮ ಸೈಟಿನ ಒಂದೊಂದು ಸೀರೇನೂ ಇಲ್ಲಿಂದಲೇ ಹೋಗೋದು. ಕೇಳಿ ಬೇಕಾದ್ರೆ.”

ಕಂಪನಿಯ ಇನ್ನರ್ಧ ಪಾಲಿನ ಒಡತಿ, ಬೆಳಗಾವಿಯ ರತ್ನಾಬಾಯಿ, ಪಕ್ಕದ ಕೋಣೆಯಲ್ಲಿ ಸೀರೆ ಮಡಚುತ್ತಿದ್ದಳು. ವಿಶಾಲಾಕ್ಷಿ ಅವಳ ಬಳಿ ಹೋದಳು.

“ಬಾಯಾರ, ಟೆಕ್ಸಸ್‌ಗೆ ಕಡೀಕ ಯಾವಾಗ ಸೀರಿ ಕಟ್ಟಿದ್ರಿ?”

“ಊರಿನ ಹೆಸರು ಯಾರ ಓದ್ತಾರವಾ? ಚೀಟಿ ಅಂಟಿಸಿ ಕೊಡ್ತಾರ, ಕಟ್ಟತೀನಿ. ಮ್ಯಾಲೊಂದು ಕುಂಕುಮದ ಪೊಟ್ಟಣ ಇಡ್ತೀನಿ. ಬರೇ ಸೀರಿ ಹ್ಯಾಂಗ ಕೊಡೂದು?”

ವಿಶಾಲಾಕ್ಷಿ ತಿರುಗಿ ಬಂದು ಸೃಷ್ಟಿಯ ಫೋನಿನಲ್ಲಿ ಕಂಪನಿಯ ಪುಟ ತೆರೆಸಿದಳು. ಗಿರಾಕಿಗಳು ಹಾಕಿದ್ದ ವೀಡಿಯೊಗಳು ಒಂದೊಂದಾಗಿ ಸರಿದವು. ಒಂದರಲ್ಲಿ ಬೆರಳು ನಿಂತಿತು. ಸ್ಪಂದನಾ, ಡಲ್ಲಾಸ್, ಟೆಕ್ಸಸ್. ಆಕೆ ಪೆಟ್ಟಿಗೆ ಬಿಚ್ಚುತ್ತಾಳೆ. ನೀಲಿ ಸೀರೆ. ಅದರ ಮೇಲೆ ಎರಡು ವೀಳ್ಯದೆಲೆ, ಅಡಿಕೆ. ‘ತವರಿಂದ ಬಂದ ಹಾಗಿದೆ!’ ಎಂದು ನಗುತ್ತಾಳೆ. ಸೃಷ್ಟಿ ಎಷ್ಟೋ ಸಲ ನೋಡಿದ್ದ ವೀಡಿಯೊ. ಏನು ವಿಶೇಷ ಇದರಲ್ಲಿ?

“ಗೋಪೀನಾಥ ಅವರ, ಈ ಸೀರಿ ನಿಮ್ಮ ಸೈಟಿಂದ?”

“ಹೌದು. ಸ್ಪಂದನಾ ಒಳ್ಳೆ ಕಸ್ಟಮರ್.”

“ಇಲ್ಲಿಂದಲೇ ಹೋಗಿದ್ದು?”

“ಗ್ಯಾರಂಟಿ! ನಾನೇ ಪೋಸ್ಟ್ ಮಾಡಿಸಿದ್ದು.”

“ಬಾಯಾರ, ಇಲ್ಲಿ ಬರ್ರಿ. ಇದು ನೀವು ಕಟ್ಟಿದ್ದ?”

ರತ್ನಾಬಾಯಿ ಕನ್ನಡಕ ಏರಿಸಿದಳು. “ಅಯ್ಯ, ಎಲಿ! ಇದು ನನ್ನ ಕೈದಲ್ಲ. ಹಸೀ ಎಲಿ ಯಾರ ಇಡ್ತಾರ? ಅಮೆರಿಕಾ ಮುಟ್ಟೂದ್ರೊಳಗ ಕೊಳತು ಸೀರಿಗೆ ಕಲಿ ಹಿಡೀತೈತಿ.”

“ಅಷ್ಟ ಸಾಕು,” ಎಂದಳು ವಿಶಾಲಾಕ್ಷಿ. “ಎಲಿ ನೋಡ್ರಿ. ತೊಟ್ಟು ಸುದ್ದಾ ಬಾಡಿಲ್ಲ. ಡಲ್ಲಾಸಿನ ಅಂಗಡಿಯೊಳಗ ಕೊಂಡಿದ್ದು. ಅಂದ್ರ ಸೀರಿ ಕಟ್ಟಿದ ಕೈ ಅಲ್ಲೇ ಐತಿ, ಸರಕೂ ಅಲ್ಲೇ ಐತಿ. ಕದ್ದ ಮಾರಿದ್ದಲ್ಲ ಇದು— ನಿಮ್ಮ ಸೈಟಿನ ಆರ್ಡರ್. ಅದು ರತ್ನಾಬಾಯಿ ಕೈಗೆ ಬರಲಿಲ್ಲ, ಡಲ್ಲಾಸಿಗೆ ಹೋತು. ಕಳಿಸಿದವ್ರು ಯಾರು? ಆರ್ಡರ್ ಬರೂದು ಒಬ್ಬರ ಕೈಗೆ!”

“ಬಾಕ್ಸಲ್ಲಿ ಏನೂ ಇಡಬೇಡ ಅಂತ ಕಾಮಾಕ್ಷಿಗೆ ಬಡ್ಕೊಂಡಿದ್ದೆ—”

ಗೋಪೀನಾಥ ನಾಲಿಗೆ ಕಚ್ಚಿಕೊಂಡ. ಹೋಟೆಲಿನ ದೋಸೆ ಹಂಚು ಚುರ್ರೆಂದದ್ದು ಮೇಲಿನವರೆಗೆ ಕೇಳಿತು.

“ಕಾಮಾಕ್ಷಿ ಅಂದ್ರ ಸರ್ ಹೆಂಡತಿ ತಂಗಿ,” ಸೃಷ್ಟಿ ಮೆಲ್ಲಗೆ ಹೇಳಿದಳು. “ಡಲ್ಲಾಸಿನಾಗ ಇರ್ತಾರ.”

“ಸೀರಿ ಕೊಡೋ ಮುಂದ ಎಲಿ-ಅಡಕಿ ಇಡದ ಕಳಸಾಕ ಆ ಹೆಣ್ಮಗಳಿಗೆ ಮನಸ್ಸು ಬರಲಿಲ್ಲ. ಗೋಪೀನಾಥ ಅವರು ಪೆಟಿಗಿಯೊಳಗ ಏನೈತಿ ಅಂತ ಎಂದೂ ನೋಡಿದವರಲ್ಲ,” ವಿಶಾಲಾಕ್ಷಿಯ ದನಿ ಏರಿತು. “ಗಂಟುಗಟ್ಟಲೆ ಸೀರಿ ಒಂದೇ ಸಲ ಅಲ್ಲಿ ಇಳಿಸಿದ್ರಿ, ಅಂಚಿ ಖರ್ಚು ಉಳೀತು. ತೆರಿಗಿ ಸೇರಿಸಿದ್ರ ಗಿರಾಕಿ ಓಡ್ತಾರ ಅಂತ ಬಾಯಿ ಮುಚ್ಚಿದ್ರಿ. ಅದೇ ಊರಾಗ ಬಾಡಿಗಿ ಕಟ್ಟಿ ಸೀರಿ ಅಂಗಡಿ ಇಟ್ಟಾಕಿ ತೆರಿಗಿ ಹಿಡಿದು ಮಾರಬೇಕು, ನೀವು ಹಿತ್ತಲ ಬಾಗಿಲಿಂದ ಮಾರಬೇಕು! ಸಿಕ್ಕಿಬಿದ್ದ ಕೂಡಲೇ ಈ ಹುಡುಗೀನ್ನ ಮುಂದ ನೂಕಿದ್ರಿ. ಯಾಕಂದ್ರ ಆಕಿ ವೀಸಾ ನಿಮ್ಮ ಮುಷ್ಟಿಯೊಳಗೈತಿ!”

ಗೋಪೀನಾಥ ಸೃಷ್ಟಿಯ ಕಡೆ ಬಾಗಿದ. ದನಿ ಬೆಣ್ಣೆಯಾಗಿತ್ತು.

“ಸೃಷ್ಟಿ, ನಾವೆಲ್ಲ ಒಂದು ಫ್ಯಾಮಿಲಿ ಥರ. ರೂಲ್ಸ್ ಸರಿಯಾಗಿ ಗೊತ್ತಿರಲಿಲ್ಲ ಅಂತ ನೀನೊಂದು ಮಾತು ಹೇಳಿಬಿಡು. ನಿನ್ನ ವೀಸಾ ನಾನು ನೋಡ್ಕೋತೀನಿ.”

“ಆಕಿ ವೀಸಾ ನಾ ನೋಡ್ಕೋತೀನಿ,” ರತ್ನಾಬಾಯಿ ಮಧ್ಯೆ ಬಂದಳು. “ಅರ್ಧ ಕಂಪನಿ ನಂದೈತಿ. ಟೆಕ್ಸಸ್ ತೆರಿಗೀನೂ ಕಟ್ಟೂಣು. ನೀವು ಮಾತ್ರ ಸುಮ್ನಿರ್ರಿ.”

“ಸುಮ್ನಿರೋದು ಬ್ಯಾಡ ರತ್ನಕ್ಕ. ಅವರೇ ಮಾತಾಡಬೇಕು,” ಎಂದಳು ಸೃಷ್ಟಿ. ಫೋನಿನಲ್ಲಿ ನಂಬರು ಒತ್ತಿ, ಸ್ಪೀಕರ್ ಹಾಕಿ, ಮೇಜಿನ ನಡುವೆ ಇಟ್ಟಳು. “ಅಲ್ಲಿ ಈಗ ಮುಂಜಾನಿ ಸರ್. ತೆರಿಗಿ ಆಫೀಸ್ ತೆರೆದಿರ್ತದ. ಸೀರಿ ಯಾರು ಇಟ್ರು, ಯಾಕ ಇಟ್ರು, ನಿಮ್ಮ ಬಾಯಿಂದಲೇ ಹೇಳ್ರಿ.”

ಆಚೆ ಕಡೆ ಹೆಣ್ಣುದನಿಯೊಂದು ಕರೆ ಎತ್ತಿಕೊಂಡು ಹೆಸರು ಕೇಳಿತು. ಗೋಪೀನಾಥ ಸೃಷ್ಟಿಯ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನು ತನ್ನ ಹೆಸರು ಹೇಳಿದ. ಆಚೆಯವಳಿಗೆ ತಿಳಿಯಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದ.