ಮೂರನೇ ಸಾಲಿನ ಉಸಿರು

"ಅಪ್ಪಾ...?"

ಶನಿವಾರ ಸಂಜೆ ಚರ್ಚಿನ ಬಾಗಿಲಿಗೆ ಕೈ ಹಾಕಿದ್ದ ಗುಣವತಿ ಹಾಗೇ ನಿಂತುಬಿಟ್ಟಳು.

ಒಳಗೆ ಆರ್ಗನ್ ನುಡಿಯುತ್ತಿತ್ತು. ಅವಳಪ್ಪ ಅಂಬಾದಾಸ ಮಾಸ್ತರು ತಾವೇ ಕಟ್ಟಿದ ಹಾಡು. ಮೂರನೇ ಸಾಲು ಮುಗಿಯುತ್ತಲೇ ಅದೇ ನಿಲುಗಡೆ... ಅದೇ 'ಹುಸ್ಸ್' ಎನ್ನುವ ಉಸಿರು... ಆಮೇಲೆ ನಾಲ್ಕನೇ ಸಾಲು.

ಅಪ್ಪ ಮಣ್ಣಿಗೆ ಹೋಗಿ ವರ್ಷವಾಗುತ್ತ ಬಂದಿತ್ತು. ಹಾಗಿದ್ದರೆ ಒಳಗೆ ಯಾರು?

ಎದೆ ಗಟ್ಟಿ ಮಾಡಿಕೊಂಡು ಬಾಗಿಲು ತಳ್ಳಿದಳು. ಅಪ್ಪನ ಸ್ಟೂಲಿನ ಮೇಲೆ ಅಪ್ಪನದೇ ಶಾಲು ಹಾಸಿಕೊಂಡು ಕೂತಿದ್ದ ಯುವಕ ಗಾಬರಿಯಿಂದ ಎದ್ದ. ತಲೆಯ ಮೇಲೆಲ್ಲ ಸಿಮೆಂಟಿನ ಧೂಳು.

"ಯಾರ್ರೀ ನೀವು? ಅಲ್ಲಿ ಕುಂದರಾಕ ಯಾರು ಹೇಳಿದ್ರು?"

"ಮಾಸ್ತರ ಹೇಳಿದ್ರು ರೀ... ನಾ ಹುಲಗೇಶ ಅಂತ, ರಾಯಚೂರು ಕಡೆಯಾಂವ."

"ಹುಲಗೇಶ? ಚರ್ಚಿನ್ಯಾಗ?"

"ಎಲ್ಲಾರೂ ಹಿಂಗ ಕೇಳ್ತಾರ. ಮಾಸ್ತರೊಬ್ರು ಕೇಳಲಿಲ್ಲ ನೋಡ್ರಿ." ಅವನು ನಕ್ಕ.

ಅವಳು ನಗಲಿಲ್ಲ. ಅಮ್ಮ ತರಲು ಹೇಳಿದ್ದ ಶಾಲನ್ನೂ ಮರೆತು ಓಡಿಬಂದಳು.

ತಾರ್ನಾಕದ ಆ ತೆಲುಗು ಚರ್ಚಿನಲ್ಲಿ ಭಾನುವಾರ ಮಧ್ಯಾಹ್ನ ಕನ್ನಡದವರಿಗೆ ಆರಾಧನೆಗೆ ಜಾಗ ಕೊಡುತ್ತಿದ್ದರು. ಯಾದಗಿರಿಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವರು, ಸರ್ಕಾರಿ ಕಾರ್ಖಾನೆಯ ಬೀದರಿನವರು, ವಾರವೆಲ್ಲ ತೆಲುಗು, ಹಿಂದಿ ಆಡಿ ನಾಲಿಗೆ ದಣಿದವರು. ಅವರನ್ನೆಲ್ಲ ಕೂಡಿಸಿ ಹಾಡಿನ ಬಳಗ ಕಟ್ಟಿದವರು ಮಾಸ್ತರು. ಅವರ ಹಾಡಿನ ನಾಲ್ಕನೇ ಸಾಲು ಮಾತ್ರ ಗುಣವತಿ ಒಬ್ಬಳದ್ದು. ಎಲ್ಲರೂ ಸುಮ್ಮನಾಗಬೇಕು, ಅವಳೊಬ್ಬಳೇ ಎತ್ತಬೇಕು.

ಆದರೆ ಊರೆಲ್ಲ ಸಾಫ್ಟ್‌ವೇರಿನ ಮೇಲೆ ಬಿದ್ದಿದ್ದ ಕಾಲವದು. ಬೇಗಂಪೇಟೆಯ ಆಫೀಸೊಂದರಲ್ಲಿ ಅವಳಿಗೂ ಕೆಲಸ ಸಿಕ್ಕಿತು. ಕಿವಿಗೆ ಹೆಡ್‌ಫೋನು, ಕಾಲಡಿಗೆ ಪೆಡಲು. ಅಮೆರಿಕದ ಡಾಕ್ಟರುಗಳು ಮಾತಾಡಿದ್ದನ್ನು ಟೈಪು ಮಾಡುವುದು. ಓವರ್‌ಟೈಮಿನ ಗೀಳಿಗೆ ಬಿದ್ದು ಭಾನುವಾರಗಳೂ ತಪ್ಪತೊಡಗಿದವು. ಅಂಥದೇ ಒಂದು ಭಾನುವಾರ, ಮೂರನೇ ಸಾಲಿನ ನಿಲುಗಡೆಯಲ್ಲೇ, ಅಪ್ಪ ಆರ್ಗನ್ನಿನ ಮೇಲೆ ಬಾಗಿದವರು ಏಳಲೇ ಇಲ್ಲ.

"ನಿನ್ನ ದನಿ ಬರ್ತೈತಂತ ಕಾದರವ್ವಾ... ಕಾಯ್ಕೋತನ ಹೋದ್ರು!" ಎಂದು ಬಳಗದ ಬಂಡೆಮ್ಮ ಮಣ್ಣಿನ ದಿನ ಎದೆ ಬಡಿದುಕೊಂಡು ಅತ್ತಿದ್ದಳು. ಪಾಪ, ಅವಳದ್ದು ಕೆಟ್ಟ ಮನಸ್ಸಲ್ಲ. ಆದರೆ ಆ ಮಾತು ಗುಣವತಿಯ ಬೆನ್ನು ಬಿಡಲಿಲ್ಲ. ಅಂದಿನಿಂದ ಅವಳು ಹಾಡಲಿಲ್ಲ. ಹೆಡ್‌ಫೋನಿನಲ್ಲಿ ಯಾವನೋ ಡಾಕ್ಟರು ಮಾತಿನ ನಡುವೆ ಉಸಿರೆಳೆದರೆ ಸಾಕು, ಪೆಡಲಿನ ಮೇಲೆ ಅವಳ ಕಾಲು ನಡುಗುತ್ತಿತ್ತು. *ಅಪ್ಪ ಇನ್ನೂ ಕಾಯುತ್ತಿದ್ದಾರೆ...*

ಮುಂದಿನ ಶನಿವಾರ ಸಂಜೆಯೂ ಕಾಲು ಅವಳನ್ನು ತಾರ್ನಾಕಕ್ಕೇ ಎಳೆಯಿತು. ಬಾಗಿಲ ಹೊರಗೆ ನಿಂತು ಆ ಉಸಿರು ಕೇಳಿದಳು. ಅಳು ಬಂತು. ಆದರೂ ಬಿಡಲಾಗಲಿಲ್ಲ. ಮತ್ತೊಂದು ಶನಿವಾರ ಬಾಗಿಲು ತಾನೇ ತೆರೆಯಿತು.

"ಹೊರಗ ಸೊಳ್ಳಿ ಭಾಳ ಅದಾವ್ರಿ. ಒಳಗ ಬಂದು ಅಳ್ರಿ."

ಅಲ್ಲಾ, ಅಳುವವರನ್ನು ಹೀಗೂ ಕರೆಯುತ್ತಾರೆಯೇ! ಅವಳಿಗೆ ಸಿಟ್ಟು ಬಂತು, ಹಿಂದೆಯೇ ನಗುವೂ ಬಂತು.

ಅವನು ಹೊಸ ಆಫೀಸು ಕಟ್ಟಡಗಳಲ್ಲಿ ಏಸಿಯ ಗಾಳಿ ಕೊಳವೆ ಕೂಡಿಸುವವನು. ಈ ಊರಿನಲ್ಲಿ ತನ್ನವರೆಂಬುವರು ಯಾರೂ ಇರಲಿಲ್ಲವಂತೆ. ಅವಳು ಭಾನುವಾರ ಬಾರದಿದ್ದ ದಿನಗಳಲ್ಲೇ, ಒಮ್ಮೆ ಬಸ್ಸು ತಪ್ಪಿ ನಿಂತಾಗ ಒಳಗಿಂದ ಕನ್ನಡದ ಹಾಡು ಕೇಳಿ ಬಂದು ಕೊನೆಯ ಬೆಂಚಿನಲ್ಲಿ ಕೂತನಂತೆ. ಮಾಸ್ತರು ಅವನನ್ನು ತಮ್ಮ ಸ್ಟೂಲಿನ ಮೇಲೇ ಕೂರಿಸಿ ನುಡಿಸಲು ಕಲಿಸಿದರಂತೆ.

"ಆವತ್ತಿಂದ ಭಾನುವಾರ ಅಂದ್ರ ನನಗ ಮನಿಗೆ ಹೋದಂಗ ರೀ," ಎಂದ.

ಚಹಾ, ಮಾತು, ತಮಾಷೆ... ಶನಿವಾರಗಳಿಗಾಗಿ ಅವಳು ಕಾಯತೊಡಗಿದಳು. *ನಾನು ಬರುವುದು ಅಪ್ಪನ ಉಸಿರಿಗೋ, ಇವನಿಗೋ?* ಅವಳಿಗೇ ಗೊತ್ತಾಗಲಿಲ್ಲ. ಹಾಡು ಎಂದರೆ ಮಾತ್ರ ಎದ್ದು ಹೊರಟುಬಿಡುತ್ತಿದ್ದಳು.

ಆಮೇಲೆ ಒಂದು ಶನಿವಾರ ಆ ಹಾಡು ನಿಲ್ಲಲಿಲ್ಲ!

ಮೂರನೇ ಸಾಲಿನಿಂದ ನಾಲ್ಕನೆಯದಕ್ಕೆ ನೀರಿನಂತೆ ಹರಿದುಹೋಯಿತು. ಉಸಿರಿಲ್ಲ. ಅಪ್ಪನಿಲ್ಲ. ಗುಣವತಿ ಒಳಗೆ ನುಗ್ಗಿದಳು.

"ಏನ್ ಮಾಡಿದ್ರಿ? ಆ ಉಸಿರೆಲ್ಲಿ?"

ಹುಲಗೇಶನ ಮುಖ ಅರಳಿತ್ತು. "ಗಾಳಿ ತುಂಬೋ ತಿದಿ ಹರಿದಿತ್ರೀ. ಹೊಸಾ ಚರ್ಮ ಹಾಕೀನಿ. ನಿಮಗ ಖುಷಿ ಆಗ್ತೈತಿ ಅಂತ..."

"ಖುಷಿ? ನಮ್ಮಪ್ಪನ್ನ ಎರಡನೇ ಸಲ ಕೊಂದ್ರಿ ನೀವು!"

ಅವಳು ಬಿಕ್ಕುತ್ತ ಎಲ್ಲವನ್ನೂ ಹೇಳಿಬಿಟ್ಟಳು. ಓವರ್‌ಟೈಮು, ನಿಲುಗಡೆ, ಬಂಡೆಮ್ಮನ ಮಾತು. "ನನಗ ಕಾಯಾಕಂತನ ಅವರು ಅಲ್ಲಿ ನಿಲ್ಲಸ್ತಿದ್ರು... ನಾ ಬರಲಿಲ್ಲ..."

ಹುಲಗೇಶ ಬೆಂಚಿನ ಕೆಳಗಿಂದ ಹಳೆಯ ಚರ್ಮ ತೆಗೆದು ತೋರಿಸಿದ. ಅಂಗೈ ಹಾಯುವಷ್ಟು ಹರಿದಿತ್ತು.

"ಮೂರು ಸಾಲಿಗೆ ಇದರಾಗಿನ ಗಾಳಿ ಮುಗೀತಿತ್ರೀ. ಮಾಸ್ತರು ನಿಲ್ಲಿಸಿ ಜೋರಾಗಿ ತುಳೀತಿದ್ರು. ಆ ಹುಸ್ಸ್ ಅನ್ನೋದು ಇದರ ಸಪ್ಪಳ. 'ಹುಲಗೇಶಾ, ನೀ ಗಾಳಿ ಸೋರೋದು ಬಂದ್ ಮಾಡಾಂವ, ಇದನ್ನೂ ಬಂದ್ ಮಾಡೋ, ನನ್ನ ಕಾಲು ಸೋತಾವ' ಅಂತ ಅವರ ಹೇಳಿದ್ರು. ಆವತ್ತು ಅವರು ಯಾರಿಗೂ ಕಾಯ್ತಿರಲಿಲ್ಲ ಗುಣವತಿ. ಗಾಳಿ ತುಂಬಾಕತ್ತಿದ್ರು, ಅಷ್ಟ."

ಹಗುರಾಗಬೇಕಿತ್ತಲ್ಲವೇ? ಆಗಲಿಲ್ಲ. ಮನುಷ್ಯರ ಮನಸ್ಸು ಹಾಗೇ ನೋಡಿ, ನೋವನ್ನೂ ಕಿತ್ತುಕೊಂಡರೆ ಜಗಳಕ್ಕೆ ನಿಲ್ಲುತ್ತದೆ.

"ಅಂದ್ರ ನನಗ ಯಾರೂ ಕಾಯಲೇ ಇಲ್ಲ," ಎಂದಳು. ಅವನು ಕೂಗಿದರೂ ತಿರುಗದೆ ಹೋದಳು.

ಮರುದಿನ ಮಧ್ಯಾಹ್ನ ಆಫೀಸು. ಹೆಡ್‌ಫೋನಿನಲ್ಲಿ ಡಾಕ್ಟರೊಬ್ಬ ಮಾತು ನಿಲ್ಲಿಸಿ ಉಸಿರೆಳೆದ. ಗುಣವತಿ ಕಾಲು ನಡುಗುತ್ತದೆಂದು ಕಾದಳು. ನಡುಗಲಿಲ್ಲ. ಅದು ಬರೀ ಯಾರೋ ದಣಿದವನ ಉಸಿರಾಗಿತ್ತು. ಅಷ್ಟೇ ಆಗಿತ್ತು! ಕಣ್ಣು ತುಂಬಿ ಬಂತು. ತಲೆನೋವೆಂದು ಹೇಳಿ ಎದ್ದವಳು ನೇರ ಆಟೋ ಹತ್ತಿದಳು.

ಚರ್ಚು ತುಂಬಿತ್ತು. ಅಪ್ಪನ ಹಾಡೇ ನಡೆದಿತ್ತು.

"ಊರ ಬಿಟ್ಟು ಬಂದೆ, ನೀ ಜೊತಿಗೆ ಬಂದಿ..."

ಮೂರನೇ ಸಾಲು ಮುಗಿಯಿತು. ಆರ್ಗನ್ ನಿಲ್ಲದೆ ಮುಂದೆ ಹೋಯಿತು. ಆದರೆ ಜನ ನಿಂತುಬಿಟ್ಟರು! ಬಂಡೆಮ್ಮ, ಕಾರ್ಖಾನೆಯವರು, ಗಾರೆಯವರು, ಎಲ್ಲರೂ ರೂಢಿಯಂತೆ ಬಾಯಿ ಮುಚ್ಚಿ ನಿಂತರು. ಒಬ್ಬನೇ ನುಡಿಸುತ್ತ ಉಳಿದ ಹುಲಗೇಶ ಬಾಗಿಲಲ್ಲಿ ಅವಳನ್ನು ಕಂಡು ಆರ್ಗನ್ನಿನಿಂದ ಕೈ ಎತ್ತಿದ.

ಇಡೀ ಚರ್ಚು ಮೌನ. ಯಾರೂ ನಾಲ್ಕನೇ ಸಾಲು ಎತ್ತಲಿಲ್ಲ. ಬಂಡೆಮ್ಮ ಬಾಗಿಲ ಕಡೆ ತಿರುಗಿದಳು. "ಅವ್ವಾ..." ಎಂದಳು, ಅಷ್ಟೇ.

ಗುಣವತಿ ಕಣ್ಣು ಮುಚ್ಚಿದಳು. ವರ್ಷದಿಂದ ಹಾಡದ ದನಿ ಒಡೆದಿತ್ತು. ಆದರೂ ಬಂತು.

"ಬಾಗಿಲ ತೆರಿ ತಂದೆ... ನಾನೂ ಬಂದೀನಿ..."

ಆರ್ಗನ್ ಮೆಲ್ಲಗೆ ಅವಳ ಹಿಂದೆ ನಡೆದು ಬಂತು.

ಆರಾಧನೆ ಮುಗಿದು, ಬಂಡೆಮ್ಮ ಅವಳನ್ನು ಅಪ್ಪಿ ಅತ್ತು, ಜನ ಕರಗಿದ ಮೇಲೆ ಗುಣವತಿ ಆರ್ಗನ್ನಿನ ಹತ್ತಿರ ಬಂದಳು.

"ಅವರ್ಯಾಕ ನಿಂತ್ರು?"

"ವರ್ಷದಿಂದ ಆ ಸಾಲು ಬರೀ ಆರ್ಗನ್ ನುಡೀತೈತ್ರಿ. ಒಬ್ರೂ ಹಾಡಿಲ್ಲ, ಅದು ಗುಣವತೀದು ಅಂತಾರ. ನಿನ್ನಿ ಅದನ್ನ ಹೇಳಾಕ ಕೂಗಿದೆ, ನೀವು ನಿಲ್ಲಲಿಲ್ಲ." ಅವನು ತಲೆ ತಗ್ಗಿಸಿದ. "ಮಾಸ್ತರು ಕಾದಿರಲಿಕ್ಕಿಲ್ಲ. ನಾವು ಕಾದೀವಿ. ನಾ... ಎಲ್ಲಾರಕಿಂತ ಒಂದೀಟು ಜಾಸ್ತಿನ ಕಾದೀನಿ."

ಅವಳು ಅಪ್ಪನ ಶಾಲನ್ನು ಕೈಗೆತ್ತಿಕೊಂಡು ಕೆನ್ನೆಗೆ ಒತ್ತಿಕೊಂಡಳು.

"ಮನಿಗೆ ಒಯ್ತೀರೇನು?"

"ಇಲ್ಲ." ಅದನ್ನು ಮತ್ತೆ ಸ್ಟೂಲಿನ ಮೇಲೆ ಹಾಸಿದಳು. "ಸ್ವಲ್ಪ ಸರಕೊಳ್ರಿ."

"ಸ್ಟೂಲು ಸಣ್ಣದೈತ್ರಿ..."

"ಇರಲಿ. ಇನ್ ಮುಂದ ನನಗ ಹೊರಗ ನಿಂದ್ರಾಕ ಆಗಂಗಿಲ್ಲ, ಹುಲಗೇಶ್."

ಅವನು ಸರಿದು ಕೂತ.