ಕಮಲಿಯ ಓದಿನ ಹೊತ್ತು

ಮಾಬ್ಲ ಚರಿತ್ರೆಯ ಒಂದೇ ಪುಟವನ್ನು ಬೆಳಗಿನಿಂದ ಕೂಗಿ ಕೂಗಿ ಓದುತ್ತಿದ್ದ. ಬೇಲಿಯಾಚೆ ಪಾತ್ರೆ ತಿಕ್ಕುತ್ತಿದ್ದ ಕಮಲಿ ತಾಳಲಾರದೆ ತಲೆಯೆತ್ತಿದಳು.

“ಆ ಪಾಠ ನಂಗೆ ಬಾಯಿಪಾಠ ಆತು ಮಾರಾಯ. ನಿಂಗೆ ಆತಾ?”

ಹಂಗಿಸುತ್ತಿದ್ದಾಳೆಂದು ಮಾಬ್ಲನಿಗೆ ಸಿಟ್ಟು ಬಂತು. “ನೀನೂ ಫೇಲೇ ಅಲ್ದಾ?”

“ಹೌದು. ಅದ್ಕೇ ಹೇಳೂದು. ಪುಸ್ತಕ ಮುಚ್ಚು. ಓದಿದ್ದನ್ನ ಈಗ ಹೇಳು.”

ಒಂದು ಸಾಲು ಹೇಳುವಷ್ಟರಲ್ಲಿ ಅವನ ಬಾಯಿ ಕಟ್ಟಿತು. ಕಮಲಿ ನಗಲಿಲ್ಲ. ನಗದೆ ಇದ್ದದ್ದೇ ಅವನಿಗೆ ಹಿಡಿಸಿತು.

ಅದು 1963ರ ಮಳೆಗಾಲ. ಭಟ್ಕಳದ ಬಳಿಯ ಬೆಳಕೆಯ ಆ ಮೀನುಗಾರ ಕೇರಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಹೋದವರು ಅವರಿಬ್ಬರೇ. ಅವನು ಗಣಿತ, ಚರಿತ್ರೆಯಲ್ಲಿ ಜಾರಿದ್ದ, ಅವಳು ಇಂಗ್ಲಿಷಿನಲ್ಲಿ. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ. ಪಾಸಾದರೆ ಕುಮಟೆಯಲ್ಲಿ ಟೀಚರ್ ಟ್ರೈನಿಂಗ್ ಸೇರುವ ಆಸೆ ಕಮಲಿಗೆ. ಇಲ್ಲದಿದ್ದರೆ ಹೊನ್ನಾವರ ಕಡೆಯ ಒಂದು ಸಂಬಂಧ ಕಾದಿತ್ತು.

ಕಮಲಿ ಹೇಳಿದಂತೆ ಮಾಬ್ಲ ಓದುವ ದಾರಿ ಬದಲಿಸಿದ. ತಲೆ ಹಗುರಾಗಿರುವ ಬೆಳಗಿಗೆ ಗಣಿತ. ಸ್ವಲ್ಪ ಓದಿ, ಪುಸ್ತಕ ಮುಚ್ಚಿ, ತನಗೆ ತಾನೇ ಹೇಳಿಕೊಳ್ಳುವುದು. ಹೊಸ ಪಾಠಕ್ಕೆ ಮುಂಚೆ ನಿನ್ನೆಯದನ್ನು ನೆನೆಯುವುದು. ಸಂಜೆ ಅವಳ ಜಗಲಿಗೆ ಬಂದು ಎಲ್ಲವನ್ನೂ ಒಪ್ಪಿಸುವುದು. ಅವಳು ಕಾಯಿ ಅರೆಯುತ್ತ ಕೇಳುವಳು. ಒಂದು ಸಂಜೆ ಲೆಕ್ಕದ ನಡುವೆ ಅವಳು ಅವನನ್ನು ತಡೆದಳು.

“ಲೆಕ್ಕ ನನ್ನ ಮುಖದ ಮೇಲೆ ಬರ್ದದಾ? ಅಲ್ಲೇ ನೋಡ್ತಾ ಕೂತೀಯಲ!”

“ಅಲ್ಲಿ ಬರ್ದಿದ್ರೆ ಯಾವತ್ತೋ ಪಾಸಾಗ್ತಿದ್ದೆ.”

ಕಮಲಿ ತುಟಿ ಕಚ್ಚಿ ಒರಳಿನತ್ತ ಬಗ್ಗಿದಳು. ಕಿವಿ ಕೆಂಪಾದದ್ದು ಮಾತ್ರ ಅವನಿಗೆ ಕಂಡಿತು.

ಫಲಿತಾಂಶ ಬಂದಾಗ ಮಾಬ್ಲ ಪಾಸಾಗಿದ್ದ. ಕಮಲಿ ಮತ್ತೆ ಫೇಲು.

ಫಲಿತಾಂಶ ನೋಡಿಕೊಂಡು ಭಟ್ಕಳದಿಂದ ಕೇರಿಗೆ ನಡೆದು ಬರುವಾಗ ಅವನಿಗೆ ಹೊಳೆಯಿತು: ಅಷ್ಟು ದಿನಗಳಲ್ಲಿ ಅವಳ ಕೈಯಲ್ಲಿ ಪುಸ್ತಕವನ್ನೇ ಅವನು ಕಂಡಿರಲಿಲ್ಲ.

“ನೀ ಯಾವಾಗ ಓದ್ತಿದ್ದೆ?” ಎಂದು ಅವಳ ಜಗಲಿಗೆ ಬಂದು ಕೇಳಿದ.

“ಓದ್ವ ಅಂತ ಕೂತ್ರೆ ಖಾಲಿ ಕೊಡ ಕಾಣ್ತದೆ. ಕೊಡ ತುಂಬ್ಸಿದ್ರೆ ಒಲೆ,” ಎಂದಳು. ಅಳು ಬಂದಿತ್ತು, ಅಳಲಿಲ್ಲ.

ಮೀನು ಮಾರಿ ಬಂದ ಅವಳ ತಾಯಿ ನಾಗಿ ಬುಟ್ಟಿ ಇಳಿಸುತ್ತಿದ್ದಂತೆ ಮಾಬ್ಲ ಎದುರು ನಿಂತ.

“ನಾಗಕ್ಕ, ಮಾರ್ಚಿನ ಪರೀಕ್ಷೆ ತನಕ ನೀರು, ಕಟ್ಟಿಗೆ ನಂಗೆ ಬಿಡಿ. ಆ ಹೊತ್ತು ಕಮಲಿಗೆ ಓದೂಕೆ ಆತು. ಹೊನ್ನಾವರದವರಿಗೆ ಈಗ ಮಾತು ಕೊಡ್ಬೇಡಿ.”

“ಕೇರಿಯವ್ರು ಎಂತ ಹೇಳ್ತ್ರು?”

“ಮಾಬ್ಲ ಅವಳನ್ನೇ ಮದ್ವಿ ಆಗ್ತಾನೆ ಅಂತ ಹೇಳ್ಲಿ. ಅವಳು ಒಪ್ಪಿದ್ರೆ ಅದು ಸುಳ್ಳಲ್ಲ.”

ನಾಗಿ ಮಗಳತ್ತ ನೋಡಿದಳು. ಕಮಲಿ ಒಳಗೆ ಹೋಗಿ, ಇಂಗ್ಲಿಷ್ ಪುಸ್ತಕ ತಂದು ಜಗಲಿಯಲ್ಲಿ ಕೂತಳು.

ಮೀನಿಗೆ ಹೋಗಿ ದೋಣಿಯಿಂದ ಇಳಿದ ಮೈಯಲ್ಲೇ ಮಾಬ್ಲ ದಿನವೂ ನೀರು ಹೊತ್ತ. ಬಾವಿಕಟ್ಟೆಯ ಹೆಂಗಸರು ನಕ್ಕರು, ಆಮೇಲೆ ಅವರಿಗೇ ಸಾಕಾಯಿತು. ಮಾರ್ಚಿನ ಪರೀಕ್ಷೆಯಲ್ಲಿ ಕಮಲಿ ಪಾಸಾದಳು.

ಟ್ರೈನಿಂಗಿಗೆ ಹೊರಟ ದಿನ ಬಸ್ಸಿನ ಕಿಟಕಿಯ ಬಳಿ ಅವನು ನಿಂತಿದ್ದ.

“ಶನಿವಾರಕ್ಕೊಮ್ಮೆ ಬರ್ತೆ,” ಎಂದಳು.

“ಬೇಡ. ಓದು ಕೆಡ್ತದೆ. ನಾನೇ ಬಂದು ನೋಡ್ಕಂಡು ಹೋಗ್ತೆ.”

ಬಸ್ಸು ಗುರುಗುಟ್ಟಿತು. ಕಮಲಿ ಕಿಟಕಿಯ ಸರಳು ಹಿಡಿದು ಬಗ್ಗಿದಳು.

“ದೀಪಾವಳಿ ರಜೆ ಸಣ್ಣದು. ಮದ್ವಿಗೆ ಮೇ ತಿಂಗಳ ರಜೆಯೇ ಆಗ್ಲಿ. ಅವ್ವಿಗೆ ನೀನೇ ಹೇಳು.”