ಕರೆಯದೇ ಬಂದ ಪುಟ

ಟಾವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪು ಒಳಗಿನಿಂದಲೇ ಕಿರುಚುತ್ತಿತ್ತು.

ಲಕ್ಷ್ಮೇಶ್ವರ ಬಸ್ ಸ್ಟ್ಯಾಂಡಿನ ಎದುರಿಗಿನ ಆನ್‌ಲೈನ್ ಸೆಂಟರಿನಲ್ಲಿ ಪಹಣಿಗೆ, ಝರಾಕ್ಸಿಗೆ ಎಂದು ನಿಂತಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಅದನ್ನು ಎದೆಗವಚಿಕೊಂಡು ಬಂದವನ ಮುಖದ ತುಂಬ ಬೆವರು. ಯಾರದೋ ಅಳುವ ಕೂಸನ್ನು ಎತ್ತಿಕೊಂಡು ಬಂದವನ ಹಾಗೆ ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಅಕ್ಕಾರ... ಮೊದಲ ಇದನ್ನ ಸುಮ್ಮನ ಮಾಡ್ರಿ. ಶಿಗ್ಲಿಯಿಂದ ಬಸ್ಸಿನಾಗ ಹಿಂಗ ಒದರಕೋತನ ಬಂದೈತಿ."

ಸೆಂಟರ್ ನಡೆಸುವ ನೀಲಗಂಗಾ ತಲೆ ಎತ್ತಲಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಮಗಳು ಸ್ನೇಹಾಳ ಡಬ್ಬಿ ಕಟ್ಟಿ, ತಾಯಿ ದೇವವ್ವನ ಗುಳಿಗೆ ತೆಗೆದಿಟ್ಟು ಬಂದವಳಿಗೆ ಮಧ್ಯಾಹ್ನದ ಹೊತ್ತಿಗೆ ಯಾರ ಮುಖವನ್ನೂ ನೋಡುವ ತ್ರಾಣ ಉಳಿದಿರುತ್ತಿರಲಿಲ್ಲ. ಪಾಳಿ ಹಚ್ಚಲು ಹೇಳಿದಳು.

ಸಾಲಿನಲ್ಲಿದ್ದ ಮುದುಕ ಶೇಖಸಾಬ ಬಿಡಲಿಲ್ಲ. "ಮೊದಲ ಅವಂದು ನೋಡವ್ವಾ. ಒಳಗ ಹೆಣ್ಮಗಳ ಧ್ವನಿ ಐತಿ. ಯಾರನ್ನರ ಕೂಡಿಹಾಕ್ಯಾನೋ ಏನೋ."

ಎಲ್ಲರೂ ನಕ್ಕರು. ಬಂದವನ ಕಿವಿ ಕೆಂಪಾಯಿತು.

ಟಾವೆಲ್ ಸರಿಸಿದರೆ ಪರದೆಯ ತುಂಬ ಕೆಂಪು ಪುಟ. ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಮುಚ್ಚಿದರೆ ಎಲ್ಲವೂ ಅಳಿಸಿಹೋಗುತ್ತದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ... ಒಬ್ಬ ಹೆಂಗಸು ಅದನ್ನೇ ಇಂಗ್ಲಿಷಿನಲ್ಲಿ ಬಡಬಡಿಸುತ್ತಿದ್ದಳು. ಆ ಮಾತಿಗೆ ಹೆದರಿಯೇ ಅವನು ಅದನ್ನು ಪೂರ್ತಿ ಮುಚ್ಚದೆ, ಅರ್ಧ ತೆರೆದೇ ಹೊತ್ತು ತಂದಿದ್ದ.

"ಆ ನಂಬರಿಗೆ ಫೋನ್ ಹಚ್ಚೀರೇನು?"

"ಇಲ್ರಿ. ಯಾಕೋ ಮನಸ್ಸು ಒಪ್ಪಲಿಲ್ಲ."

"ಪುಣ್ಯಾ ಮಾಡೀರಿ. ಇದು ಹೊಲದಾಗಿನ ಬೆದರಬೊಂಬಿ ಇದ್ದಂಗ. ಬರೇ ಅಂಜಸತೈತಿ. ಒಳಗ ಏನೂ ಆಗಿಲ್ಲ."

ಮೂಲೆಯ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದಳು. ಅಂಥ ಪುಟದ ಹಿಡಿತ ಸಡಿಲಿಸುವ ಮೊದಲ ದಾರಿಯೇ ಅದು. ಆದರೆ ಕೀಲಿ ಅಲುಗಲಿಲ್ಲ. ಉಗುರಿನಿಂದ ಕೆರೆದರೆ ಕುಂಕುಮ! ಅದರ ಕೆಳಗೆ ಒಣಗಿದ ಕಾಯಿನೀರಿನ ಅಂಟು.

"ಇದೇನ್ರಿ?"

"ಹ್ವಾದ ದಸರಾದಾಗ ಖಂಡೇ ಪೂಜಿ ಇತ್ತಲ್ರಿ... ನಮ್ಮವ್ವ ಮಗ್ಗಕ್ಕ ಮಾಡಿದಂಗ ಇದಕ್ಕೂ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡದಳು. ಮೂಲಿ ಹಿಡದು ಸುರು ಮಾಡಬೇಕಂತ ಅಲ್ಲೇ ಹಚ್ಯಾಳ."

ಬಿಡಿಸಿಕೊಳ್ಳುವ ಕೀಲಿಯೇ ದೇವರ ಪಾಲಾಗಿತ್ತು. ಎಷ್ಟೋ ದಿನಗಳ ಮೇಲೆ ನೀಲಾಳ ತುಟಿಯಂಚಿನಲ್ಲಿ ನಗೆ ಬಂದಂತಾಯಿತು. ಬಂದದ್ದು ತಿಳಿದು ತಾನೇ ಅದನ್ನು ಒಳಗೆ ಎಳೆದುಕೊಂಡಳು.

ಬೇರೆ ದಾರಿಯೂ ಇತ್ತು. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ನಡೆಯುತ್ತಿರುವ ಕೆಲಸಗಳ ಪಟ್ಟಿ ತೆರೆದು, ಬ್ರೌಸರನ್ನು ಅಲ್ಲಿಂದಲೇ ನಿಲ್ಲಿಸಿದಳು. ಧ್ವನಿ ಕತ್ತರಿಸಿದಂತೆ ನಿಂತಿತು. ಮತ್ತೆ ತೆರೆದಾಗ, ಹಿಂದಿನ ಪುಟಗಳನ್ನು ತರಲೇ ಎಂದು ಅದು ವಿನಯದಿಂದ ಕೇಳಿತು. ಅವನ ಬೆರಳು ಆಗಲೇ ಮುಂದೆ ಹೋಗಿತ್ತು.

ನೀಲಾ ತಟ್ಟನೆ ಅವನ ಮಣಿಕಟ್ಟು ಹಿಡಿದಳು. "ಒತ್ತಬ್ಯಾಡ್ರಿ! ಒತ್ತಿದ್ರ ಅದ ಮತ್ತ ಬಂದು ಕುಂಡ್ರತೈತಿ."

ಇಬ್ಬರೂ ಆ ಕೈಯನ್ನೇ ನೋಡಿದರು. ಅವಳು ಬೆಂಕಿ ಮುಟ್ಟಿದವಳಂತೆ ಬಿಟ್ಟಳು.

ಅದೇ ಕ್ಷಣ ಪರದೆಯ ಕೆಳಮೂಲೆಯಲ್ಲಿ ಒಂದು ಚಿತ್ರ ಮಿಂಚಿ ಮಾಯವಾಯಿತು. ಹಸಿರು ಬಟ್ಟೆಯ ತೆರೆಯ ಮುಂದೆ ಅರೆಬಟ್ಟೆಯ ಒಬ್ಬ ಹೆಂಗಸು.

ನೀಲಾ ಕುರ್ಚಿಯನ್ನು ಹಿಂದೆ ಸರಿಸಿದಳು. *ಇವನೂ ಅಂಥವನೇ...*

ಮಾಡಬೇಕಾದ ಕೊನೆಯ ಕೆಲಸ ಒಂದಿತ್ತು. ಸೆಟ್ಟಿಂಗ್ಸಿಗೆ ಹೋಗಿ, ಯಾವ ಯಾವ ಪುಟಗಳಿಗೆ ಸೂಚನೆ, ಜಾಹೀರಾತು ಹಿಡಿದು ಒಳಬರಲು ಅನುಮತಿ ಸಿಕ್ಕಿದೆ ಎಂದು ನೋಡಿ ತೆಗೆದುಹಾಕಬೇಕಿತ್ತು. ಅವಳಿಗೆ ಅದು ಗೊತ್ತಿತ್ತು. ಆದರೆ ಹಿಂದೆ ಸಾಲು ಗೊಣಗುತ್ತಿತ್ತು, ತಲೆ ಸಿಡಿಯುತ್ತಿತ್ತು, ಆ ಚಿತ್ರ ಕಣ್ಣಿಗೆ ಚುಚ್ಚಿತ್ತು. ಲ್ಯಾಪ್‌ಟಾಪನ್ನು ಅವನ ಕಡೆ ತಳ್ಳಿದಳು.

"ಆತ್ರಿ. ಮುಂದಿನವರು ಬರ್ರಿ."

* * *

ಅವನ ಹೆಸರು ವೀರೇಶ. ಶಿಗ್ಲಿಯ ನೇಕಾರರ ಮನೆಯವನು. ಅಪ್ಪ ತೀರಿದ ಮೇಲೆ ತಂಗಿಯರ ಮದುವೆ ಮಾಡುತ್ತ ತನ್ನದನ್ನು ಮರೆತವನು. ಸೀರೆಯ ದಡಿಯ ನಮೂನೆಗಳನ್ನು ಮೊದಲು ಚೌಕದ ಹಾಳೆಯ ಮೇಲೆ ಬಿಡಿಸುತ್ತಿದ್ದ, ಈಗ ಲ್ಯಾಪ್‌ಟಾಪಿನಲ್ಲಿ. ಅದರೊಳಗೆ ಅವನ ಅಷ್ಟೂ ವರ್ಷಗಳ ದುಡಿಮೆ ಇತ್ತು.

ಇದೆಲ್ಲ ನೀಲಾಳಿಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಯಾಕೆಂದರೆ ಅವನು ಬರುತ್ತಲೇ ಇದ್ದ. ಒಮ್ಮೆ ಪ್ರಿಂಟಿಗೆ, ಒಮ್ಮೆ ಸುಮ್ಮನೆ ದಾರಿಯಲ್ಲಿ ಹೋಗುತ್ತ. ಬರುವಾಗ ಗಿರ್ಮಿಟ್ಟು, ಮಿರ್ಚಿಯ ಪೊಟ್ಟಣ. ಊಟ ಮಾಡಿದಿರಾ ಎಂದು ಅವಳನ್ನು ಯಾರೂ ಕೇಳದ ಹೊತ್ತಿನಲ್ಲಿ ಅವನು ಕೇಳುತ್ತಿದ್ದ. ಸಾಲು ಉದ್ದವಿದ್ದರೆ ತಾನೇ ಝರಾಕ್ಸ್ ಯಂತ್ರದ ಮುಂದೆ ನಿಲ್ಲುತ್ತಿದ್ದ.

ಅವಳು ನೋಡಿದ್ದು ಇನ್ನೊಂದನ್ನು. ವೀರೇಶ ತನ್ನ ಫೋನನ್ನು ಮೇಜಿನ ಮೇಲೆ ಅಂಗಾತ ಇಡುತ್ತಿದ್ದ. ಯಾರು ಬೇಕಾದರೂ ನೋಡಲಿ ಎನ್ನುವ ಹಾಗೆ.

ಅವಳ ಗಂಡನಾಗಿದ್ದವನು ಫೋನನ್ನು ಬೋರಲು ಹಾಕಿಡುತ್ತಿದ್ದ. ಊಟಕ್ಕೆ ಕುಳಿತರೂ ಬೋರಲು, ಮಲಗಿದರೂ ಬೋರಲು. ಆ ಬೋರಲು ಫೋನಿನ ಹಿಂದೆಯೇ ಅವನು ಒಂದು ದಿನ ಬೇರೊಬ್ಬಳ ಜೊತೆ ಹೊರಟುಹೋಗಿದ್ದ. ಸ್ನೇಹಾ ಆಗಿನ್ನೂ ತೊದಲುತ್ತಿದ್ದಳು. ಕೋರ್ಟಿನಲ್ಲಿ ಎಲ್ಲ ಮುಗಿದರೂ ನೀಲಾ ಬೋರಲು ಇಟ್ಟ ಫೋನು ಕಂಡರೆ ಈಗಲೂ ಮುಖ ತಿರುಗಿಸುತ್ತಿದ್ದಳು.

*ಆ ದಿನ ಕಂಡ ಚಿತ್ರ ಏನೋ ಆಕಸ್ಮಿಕ ಇರಬೇಕು...* ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವುದು ಹಿತವಾಗಿತ್ತು.

ಒಂದು ದಿನ ವೀರೇಶ "ಅಕ್ಕಾರ" ಎನ್ನುವುದನ್ನು ನಿಲ್ಲಿಸಿದ. ಬೇರೇನೂ ಕರೆಯಲಿಲ್ಲ. ಅವನ ಮಾತಿನಲ್ಲಿ ಅವಳ ಹೆಸರಿರಬೇಕಾದ ಜಾಗ ಖಾಲಿಯಾಗಿ ಉಳಿಯಿತು. ಆ ಖಾಲಿ ಜಾಗಕ್ಕೆ ಅವಳು ಕಿವಿಗೊಡತೊಡಗಿದಳು.

ಶ್ರಾವಣ ಮುಗಿಯುತ್ತಿದ್ದಂತೆ ಅವನು ಮನೆಗೇ ಬಂದು ದೇವವ್ವನ ಮುಂದೆ ಕೈಮುಗಿದು ಕುಳಿತ. ಸ್ನೇಹಾಳನ್ನು ತನ್ನ ಮಗಳ ಹಾಗೆ ನೋಡಿಕೊಳ್ಳುವೆನೆಂದ. ಅವಸರವಿಲ್ಲ, ದಸರೆಯ ಹೊತ್ತಿಗೆ ಹೇಳಿದರೆ ಸಾಕೆಂದ. ದೇವವ್ವ ಅಂದೇ ಒಪ್ಪಿದ್ದಳು. ನೀಲಾ ಮಾತ್ರ ಬಾಯಿಬಿಡಲಿಲ್ಲ. ಒಳಗೊಳಗೇ ಹೂಂ ಅಂದುಕೊಂಡಳು, ಮತ್ತೆ ಹೆದರಿದಳು. ಇನ್ನೊಮ್ಮೆ ಮೋಸ ಹೋದರೆ ಎದ್ದು ನಿಲ್ಲುವ ಶಕ್ತಿ ತನಗಿಲ್ಲ. ಅದು ಅವಳಿಗೆ ಖಚಿತವಿತ್ತು.

* * *

ಮಹಾನವಮಿ ಹತ್ತಿರವಿತ್ತು. ಶಾಲೆಗೆ ರಜೆ ಇದ್ದುದರಿಂದ ಸ್ನೇಹಾ ಸೆಂಟರಿನಲ್ಲೇ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ವೀರೇಶ ಲ್ಯಾಪ್‌ಟಾಪು ಹಿಡಿದು ಬಂದ. ಅವನ ಮುಖದಲ್ಲಿ ಮುಚ್ಚಿಡಲಾಗದ ಹುರುಪು.

"ಒಂದು ದಡಿ ಬರದೇನಿ. ಯಾರಿಗೂ ತೋರಿಸಿಲ್ಲ. ನೋಡ್ರಿ..."

ಪರದೆಯ ಮೇಲೆ ಕಡುನೀಲಿ ಅಂಚು. ಅದರೊಳಗೆ ಸಣ್ಣ ಸಣ್ಣ ಅಲೆಗಳು, ಹೊಳೆ ಹರಿದಂತೆ. ನೀಲಗಂಗಾ! ಅವಳ ಹೆಸರನ್ನೇ ಅವನು ಸೀರೆಗೆ ಹೊದಿಸಿದ್ದ. ಅವಳ ಕಣ್ಣು ತುಂಬಿತು. ಈಗಲೇ ಹೇಳಿಬಿಡಲೇ ಎಂದು ತುಟಿ ತೆರೆದಳು.

ಆಗ ಪರದೆಯ ಮೂಲೆಯಲ್ಲಿ ಚಿತ್ರ ಮೂಡಿತು. ಹಸಿರು ತೆರೆ, ಅದೇ ಹೆಂಗಸು. ಅದರ ಮೇಲೊಂದು, ಮತ್ತೊಂದು...

"ಅವ್ವಾ, ಅದೇನು?" ಸ್ನೇಹಾ ಬಗ್ಗಿ ನೋಡಿದಳು.

ನೀಲಾ ಮಗಳ ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದಳು.

"ನಾ ಕರದಿಲ್ರಿ ಅದನ್ನ," ವೀರೇಶ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. "ತಾನ ಬರತೈತಿ. ಖರೇನ ಹೇಳತೀನಿ."

"ಕರೀಲಾರದ ಯಾರೂ ಬರಂಗಿಲ್ರಿ. ನನಗ ಗೊತ್ತೈತಿ. ಫೋನ್ ಅಂಗಾತ ಇಟ್ಟ ಮಾತ್ರಕ್ಕ ಮನಸ್ಯಾ ಅಂಗಾತ ಇರಂಗಿಲ್ಲ." ಅವಳು ಮುಖ ತಿರುಗಿಸಿದಳು. "ಇನ್ನ ಮ್ಯಾಲ ಈ ಕಡೆ ಬರಬ್ಯಾಡ್ರಿ."

ಕಂಪ್ಯೂಟರ್ ನಡೆಸುವವಳೇ ನಂಬದಿದ್ದ ಮೇಲೆ ಅವನು ಏನು ಹೇಳುವುದು? ಗಿರ್ಮಿಟ್ಟಿನ ಪೊಟ್ಟಣವನ್ನು ಸ್ನೇಹಾಳ ಪಕ್ಕದಲ್ಲಿಟ್ಟು ಹೊರಟುಹೋದ.

ಅವತ್ತು ನೀಲಾ ಅಳಲಿಲ್ಲ. ಅಳಲೂ ಪುರುಸೊತ್ತು ಬೇಕು. ಪಹಣಿ ಕೊಟ್ಟಳು, ಝರಾಕ್ಸ್ ತೆಗೆದಳು, ಮನೆಗೆ ಹೋಗಿ ಮುಸುರೆ ತಿಕ್ಕಿದಳು. ಆ ಪೊಟ್ಟಣವನ್ನು ಮಾತ್ರ ಬಿಚ್ಚಲಾಗಲಿಲ್ಲ.

* * *

ದಸರೆಯ ದಿನ ಬೆಳಿಗ್ಗೆ ದೇವವ್ವ ಫೋನು ಹಿಡಿದು ಅಡುಗೆಮನೆಗೆ ಬಂದಳು. ಅವಳು ನಿತ್ಯ ಅದರಲ್ಲಿ ವಚನ ಕೇಳುತ್ತಿದ್ದಳು. ಇವತ್ತು ಮುಖ ಸಣ್ಣದಾಗಿತ್ತು.

"ನೀಲಾ... ಇದರಾಗ ಏನೇನೋ ಬರಾಕತ್ತೈತಿ. ನೋಡಬಾರದ್ದು. ನಾ ಏನೂ ಮಾಡಿಲ್ಲ ಯವ್ವಾ. ನಿನ್ನಾಣೆ."

ನೀಲಾ ಫೋನು ಇಸಿದುಕೊಂಡಳು. ಹಸಿರು ತೆರೆ. ಅದೇ ಹೆಂಗಸು!

ಕೈಯ ಹಿಟ್ಟು ಒರೆಸದೆಯೇ ಸೆಟ್ಟಿಂಗ್ಸ್ ತೆರೆದಳು. ಅನುಮತಿ ಪಡೆದ ಪುಟಗಳು ಒಂದರ ಕೆಳಗೊಂದು ಉದ್ದಕ್ಕೆ ನಿಂತಿದ್ದವು. ಹೆಸರೇ ಓದಲಾಗದ ಪುಟಗಳು.

"ಇವಕ್ಕೆಲ್ಲಾ ಯಾಕ ಹೂಂ ಅಂದೀಯವ್ವಾ?"

"ಕೇಳತಿದ್ದುವಲ್ಲ. ಬರಲೇನು, ಬರಲೇನು ಅಂತ," ದೇವವ್ವ ತಪ್ಪು ಮಾಡಿದ ಮಗುವಿನಂತೆ ಸೆರಗಿನ ತುದಿ ತಿರುವಿದಳು. "ತವರಮನ್ಯಾಗ, ಬಾಳೆಹೊಸೂರಾಗ ನಮ್ಮವ್ವ ಕಲಿಸಿದ್ದಳು. ಬಾಗಲಕ್ಕ ಬಂದು ಕೇಳಿದವರಿಗೆ ಇಲ್ಲ ಅನಬಾರದು ಅಂತ. ಅದಕ್ಕ ಎಲ್ಲಾಕ್ಕೂ ಹೂಂ ಅಂದೆ."

ಜಂಗಮನಿಗೆ, ಹಸಿದವನಿಗೆ, ದಾರಿಹೋಕನಿಗೆ ತೆರೆದ ಬಾಗಿಲು. ಅದೇ ಬಾಗಿಲಿನಿಂದ ಈ ಕಸವೂ ಒಳಗೆ ಬಂದಿತ್ತು.

ನೀಲಾ ಒಂದೊಂದನ್ನೇ ಅಳಿಸಿದಳು. ಅಳಿಸುತ್ತ ಅಳಿಸುತ್ತ ಅವಳ ಬೆರಳು ನಿಧಾನವಾಯಿತು. ಇಂಥ ತಾಯಿಯ ಫೋನಿನಲ್ಲಿ ಬಂದ ಚಿತ್ರ... ವೀರೇಶನ ಲ್ಯಾಪ್‌ಟಾಪಿನಲ್ಲಿ ಬಂದ ಚಿತ್ರ...

ಅವನೂ ಎಲ್ಲೋ ಹೂಂ ಅಂದಿರಬೇಕು. ಅದನ್ನು ನೋಡಿ ತೆಗೆಯಬೇಕಾದವಳು ತಾನೇ. ಮೊದಲ ದಿನವೇ. ಗೊತ್ತಿದ್ದೂ ಬಿಟ್ಟಿದ್ದಳು. ಕರೆಯದವರು ಬರುವುದಿಲ್ಲ ಎಂದು ಅವನ ಮುಖಕ್ಕೇ ಹೇಳಿದ್ದಳು!

ಅವಳು ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು. ಆ ದಿನ ಬಾರದ ಅಳು ಈಗ ಬಂತು. ಎಲ್ಲವನ್ನೂ ತಾಯಿಗೆ ಹೇಳಿದಳು.

ದೇವವ್ವ ಮಗಳ ಬೆನ್ನು ಸವರಿದಳು. "ಸಂಜೀಕ ಬನ್ನಿ ಮುರದ ಮ್ಯಾಲ ಶಿಗ್ಲಿಗೆ ಹೋಗು. ಬನ್ನಿ ಕೊಡಾಕ ಬಂದವರಿಗೆ ಇವತ್ತ ಯಾರೂ ಬಾಗಲಾ ಹಾಕಂಗಿಲ್ಲ."

* * *

ಶಿಗ್ಲಿಯ ಓಣಿಯಲ್ಲಿ ಹೊಸ ಬಟ್ಟೆ ತೊಟ್ಟವರು ಮನೆಯಿಂದ ಮನೆಗೆ ಹೋಗುತ್ತಿದ್ದರು. ಬನ್ನಿ ಎಲೆ ಕೊಟ್ಟು, ತಗೊಂಡು, ಬಂಗಾರದಂಗ ಇರೋಣ ಎನ್ನುತ್ತ. ವರ್ಷವಿಡೀ ಮಾತು ಬಿಟ್ಟವರೂ ಇವತ್ತು ಒಬ್ಬರಿಗೊಬ್ಬರು ಕೈ ಮುಗಿಯುತ್ತಿದ್ದರು.

ವೀರೇಶ ಹೊಸ್ತಿಲ ಮೇಲೆ ಕುಳಿತಿದ್ದ. ಒಳಗೆ ಮಗ್ಗ ಹೂವು ಮುಡಿದು ಸುಮ್ಮನಿತ್ತು. ಅವಳನ್ನು ಕಂಡು ಎದ್ದು ನಿಂತ.

ನೀಲಾ ಬೊಗಸೆ ಚಾಚಿದಳು. ಬಿಸಿಲಿಗೆ ಬಾಡಿದ ಬನ್ನಿ ಎಲೆಗಳು.

"ತಪ್ಪು ನಂದೈತ್ರಿ," ಅಂದಳು. "ಅದು ಕರೀಲಾರದನೂ ಬರತೈತಿ. ನನಗ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನ ನಂಬಲಿಲ್ಲ."

ವೀರೇಶ ಎಲೆಗಳನ್ನು ಎರಡೂ ಕೈಯಲ್ಲಿ ತಗೊಂಡ.

ಒಳಗೆ ಹೋಗಿ ಲ್ಯಾಪ್‌ಟಾಪು ತಂದು ಅವಳ ಮುಂದಿಟ್ಟ. ಅವಳು ಬಿಟ್ಟುಹೋದ ಕೆಲಸವನ್ನು ಮುಗಿಸಿದಳು. ಅನುಮತಿಯ ಪಟ್ಟಿಯಲ್ಲಿ ಇದ್ದದ್ದು ಒಂದೇ ಒಂದು ಪುಟ. ಹಳೆಯ ದಡಿಗಳ ನಮೂನೆ ಹುಡುಕುವಾಗ, ಮನುಷ್ಯನೋ ಯಂತ್ರವೋ ತೋರಿಸಲು ಇದನ್ನು ಒತ್ತು ಎಂದಿತ್ತಂತೆ. ಮನುಷ್ಯನೇ ಎಂದು ಒತ್ತಿದ್ದನಂತೆ.

ಅದನ್ನು ಅಳಿಸಿ ಕೀಲಿಮಣೆ ನೋಡಿದರೆ, ಮೂಲೆಯ ಕೀಲಿಯ ಮೇಲೆ ನಿನ್ನೆಯ ಖಂಡೇ ಪೂಜೆಯ ಕುಂಕುಮ.

"ಮತ್ತ ಅಲ್ಲೇ ಹಚ್ಯಾರಲ್ರಿ!"

"ಹೇಳಿದೆ ಅವ್ವಗ. ಸಿಕ್ಕೊಂಡ್ರ ಬಿಡಸಾಕ ಲಕ್ಷ್ಮೇಶ್ವರದಾಗ ಮಂದಿ ಅದಾರಲ್ಲ ಅಂದಳು." ಅವನ ಧ್ವನಿ ತಗ್ಗಿತು. "ಆ ಮಂದಿ ಇನ್ನ ಬರಂಗಿಲ್ಲ ಅಂತ ಹೇಳಾಕ ನನಗ ಬಾಯಿ ಬರಲಿಲ್ಲ."

ನೀಲಾ ಸೆರಗಿನ ತುದಿಯಿಂದ ಆ ಕೀಲಿಯನ್ನು ಮೆಲ್ಲಗೆ ಒರೆಸಿದಳು.

"ದಸರಾಕ್ಕ ಹೇಳ್ರಿ ಅಂದಿದ್ರಿ," ಅಂದಳು. "ಇವತ್ತ ದಸರಾ. ನಾ ಹೂಂ ಅನ್ನಾಕ ಬಂದೇನ್ರಿ."

ಅವನು ಮಗ್ಗದ ಕಡೆಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಮತ್ತೆ ತಿರುಗಿದಾಗ, ಇಷ್ಟು ದಿನ ಖಾಲಿ ಬಿಟ್ಟಿದ್ದ ಜಾಗಕ್ಕೆ ಹೆಸರು ಬಂದಿತ್ತು.

"ನೀಲಾ..."

ಆ ಒಂದು ಮಾತಿಗೆ, ಎಷ್ಟೋ ವರ್ಷಗಳಿಂದ ಅವಳು ಒಬ್ಬಳೇ ಹೊತ್ತಿದ್ದ ಹೊರೆ ಭುಜದಿಂದ ಜಾರಿದಂತಾಯಿತು.

"ಭಾಳ ದಣದೇನ್ರಿ," ಅಂದಳು. ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

"ಗೊತ್ತೈತಿ. ಕುಂಡ್ರು. ಚಾ ನಾ ಮಾಡತೀನಿ."

ಅವಳು ಹೊಸ್ತಿಲ ಮೇಲೆ ಕುಳಿತು ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಒಳಗೆ ಸ್ಟೋವ್ ಹೊತ್ತಿದ ಸಪ್ಪಳ, ಲೋಟದ ಸಪ್ಪಳ.

"ಸಕ್ಕರಿ ಎಷ್ಟು ಹಾಕಲಿ?"

"ನೀವು ಹಾಕಿದಷ್ಟು, ರೀ."